ಕಣ್ಣು ಬಿಡದ ಸೀತಾಫಲ

ನಾರಾಯಣಪೇಟೆಯಲ್ಲಿ ಚಿಕ್ಕಮ್ಮನ ಮೊಮ್ಮಗಳ ತೊಟ್ಟಿಲು ಶಾಸ್ತ್ರ ಮುಗಿಸಿಕೊಂಡು ಗದ್ವಾಲಕ್ಕೆ ಹೊರಟಿದ್ದೆ. ಮಕ್ತಲ್‌ನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ಇಳಿದ ಕೂಡಲೇ ಆ ವಾಸನೆ ಬಂತು. ಬಸ್ ಸ್ಟ್ಯಾಂಡಿನ ಕಾಂಪೌಂಡಿಗೆ ಒರಗಿ ಉಟ್ಕೂರ್ ಕಡೆಯ ಹೆಂಗಸರು ಸೀತಾಫಲದ ಬುಟ್ಟಿಗಳನ್ನು ಇಟ್ಟುಕೊಂಡು ಕೂತಿದ್ದರು. ಮಾರಲಾಗದೆ ಮೆತ್ತಗಾಗಿ ಒಡೆದವನ್ನು ಗೋಡೆಯ ಬುಡಕ್ಕೆ ಗುಡ್ಡೆ ಹಾಕಿದ್ದರು. ಸಿಹಿ ಇನ್ನೇನು ಹುಳಿಯಾಗಬೇಕು ಅನ್ನುವ ಹೊತ್ತಿನ ವಾಸನೆ ಅದು. ಹಾಲು ಒಡೆಯುವ ಮುಂಚೆ ಪಾತ್ರೆಯ ಬಾಯಿಂದ ಬರುತ್ತದಲ್ಲ, ಅದಕ್ಕೆ ಒಂದಿಷ್ಟು ಕಳ್ಳಿನ ಘಾಟು ಸೇರಿದ ಹಾಗೆ. ಜನ ಮೂಗಿಗೆ ಸೆರಗು ಹಿಡಿದು ದಾಟುತ್ತಿದ್ದರು. ನಾನು ಬ್ಯಾಗು ಕೆಳಗಿಟ್ಟು ನಿಂತುಬಿಟ್ಟೆ.

ನನ್ನ ಮಟ್ಟಿಗೆ ಅದು ಇದೇ ಊರಿನಲ್ಲಿ ಕಳೆದ ಒಂದು ಹಂಗಾಮಿನ ವಾಸನೆ. ದಸರೆಯಿಂದ ದೀಪಾವಳಿಯ ಅಮಾವಾಸ್ಯೆಯವರೆಗೆ, ಕೆಲವೇ ವಾರಗಳ ಮಾತು.

ಆ ವರ್ಷ ನಮ್ಮವರಿಗೆ ಹೊಳೆಯ ಮೇಲಿನ ಪಂಪ್‌ಹೌಸಿಗೆ ವರ್ಗವಾಗಿತ್ತು. ಗದ್ವಾಲದ ಮನೆಗೆ ಬೀಗ ಹಾಕಿ ಮಕ್ತಲ್‌ನ ಓಣಿಯೊಂದರಲ್ಲಿ ಬಾಡಿಗೆಗೆ ಬಂದಿದ್ದೆವು. ಅವರದು ಶಿಫ್ಟಿನ ಕೆಲಸ. ಮನೆಯಲ್ಲಿದ್ದಾಗ ನಿದ್ದೆ, ಎದ್ದಾಗ ಊಟ, ಉಂಡಾಗ ಮತ್ತೆ ಡ್ಯೂಟಿ. ಅದೇ ಮಳೆಗಾಲದ ಆರಂಭಕ್ಕೆ ನಮ್ಮ ಒಬ್ಬಳೇ ಮಗಳು ಶ್ರಾವಣಿ ಹತ್ತನೆಯ ತರಗತಿ ಮುಗಿಸಿ ಹೈದರಾಬಾದಿನ ಒಂದು ರೆಸಿಡೆನ್ಷಿಯಲ್ ಕಾಲೇಜಿಗೆ ಸೇರಿದಳು. ಅವಳೇ ಹಟ ಹಿಡಿದು ಸೇರಿದ್ದು. ಗೆಳತಿಯರೆಲ್ಲ ಹೊರಟಿದ್ದರು, ಮಾರ್ಕ್ಸೂ ಚೆನ್ನಾಗಿದ್ದವು. ಹಾಸಿಗೆ, ಬಕೆಟ್ಟು, ಉಪ್ಪಿನಕಾಯಿ ಡಬ್ಬಿಯ ಜೊತೆ ಬಿಟ್ಟುಬಂದೆವು. ಹೆಸರು ಬರೆದ ಬಕೆಟ್ಟನ್ನು ಹಿಡಿದು ಅವಳು ಮೆಟ್ಟಿಲು ಹತ್ತಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ನಗುನಗುತ್ತಲೇ ಹತ್ತಿದ್ದಳು.

ಅಲ್ಲಿ ಮಕ್ಕಳು ಫೋನು ಇಟ್ಟುಕೊಳ್ಳುವಂತಿಲ್ಲ. ಭಾನುವಾರ ಮಧ್ಯಾಹ್ನ ವಾರ್ಡನ್ ಮೇಡಂ ಫೋನಿನ ಮುಂದೆ ಸಾಲಾಗಿ ನಿಂತು ಒಬ್ಬೊಬ್ಬರೇ ಮನೆಗೆ ಮಾತಾಡಬೇಕು. ನಾನು ಊಟ ಮುಗಿಸಿ, ಕೈ ತೊಳೆದು, ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದೆ.

"ಉಂಡ್ಯಾ?"

"ಉಂಡೆ ಮಮ್ಮಿ."

"ಏನ್ ಮಾಡಿದ್ರು?"

"ಸಾಂಬಾರ್."

"ಓದಾಕತ್ತೀಯಾ?"

"ಹೂಂ."

"ಮತ್ತ?"

"ಮತ್ತೇನಿಲ್ಲ. ಹಿಂದ ಸಿಂಧು ನಿಂತಾಳ."

ಶಾಲೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಅಂದಿನ ಕಥೆಯೆಲ್ಲ ಹೇಳಿ ಮುಗಿಸುತ್ತಿದ್ದ ಹುಡುಗಿ. ಯಾವ ಟೀಚರ್ ಯಾವ ಸೀರೆ ಉಟ್ಟಿದ್ದರು ಅನ್ನುವುದರಿಂದ ಶುರು. ಈಗ ವಾರಕ್ಕೆ ನಾಲ್ಕು ಮಾತು. ಫೋನು ಕೆಳಗಿಟ್ಟ ಮೇಲೆ, ಕೇಳಬೇಕಾಗಿದ್ದೇನೋ ಬಿಟ್ಟುಹೋಯಿತು ಅನ್ನಿಸುತ್ತಿತ್ತು. ಅದೇನೆಂದು ಮುಂದಿನ ಭಾನುವಾರದವರೆಗೂ ಯೋಚಿಸುತ್ತಿದ್ದೆ.

ಓಣಿಯಲ್ಲಿ ನನಗೆ ಪರಿಚಯವಿದ್ದದ್ದು ಒಬ್ಬರೇ, ಹಿಂದಿನ ಮನೆಯ ಬೀರಮ್ಮ. ಕುರುಬರ ಮನೆಯವರು. ಮಕ್ಕಳು ಕುರಿಗಳ ಹಿಂದೆ ಊರೂರು ತಿರುಗುತ್ತಿದ್ದರು, ಇವರು ನಾಲ್ಕು ಮೇಕೆ ಕಟ್ಟಿಕೊಂಡು ಮನೆ ಕಾಯುತ್ತಿದ್ದರು. ನಮ್ಮ ಅಡುಗೆಮನೆಯ ಕಿಟಕಿ ಅವರ ಅಂಗಳಕ್ಕೇ ತೆರೆಯುತ್ತಿತ್ತು. ಬೆಳಿಗ್ಗೆಯಿಂದ ಬೇವಿನ ಮರದ ಕೆಳಗೆ ಕೂತು ಉಣ್ಣೆ ನೂಲುತ್ತಿದ್ದರು. ತೊಡೆಯ ಮೇಲೆ ಕದಿರನ್ನು ಉಜ್ಜಿ ಬಿಟ್ಟರೆ ಅದು ಬುಗುರಿಯ ಹಾಗೆ ತಿರುಗುತ್ತ ಕೆಳಗಿಳಿಯುತ್ತಿತ್ತು. ನಾನು ಬೀರಕ್ಕ ಅನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಅನ್ನುತ್ತಿದ್ದರು. ಆದರೂ ಮಾತು "ಸಾರೇನು ಮಾಡಿದ್ರಿ" ಅನ್ನುವುದನ್ನು ದಾಟಿರಲಿಲ್ಲ. ನನಗೆ ತಾನಾಗಿ ಮಾತು ಬೆಳೆಸಲು ಬರುವುದಿಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಸುಮ್ಮನೆ ಕೂರುವುದನ್ನೇ ಚೆನ್ನಾಗಿ ಕಲಿಸಿದ್ದರು.

ದಸರೆಗೆ ಶ್ರಾವಣಿಗೆ ರಜೆ ಅಂದಿದ್ದರು. ಓಣಿಯ ಹೆಣ್ಣುಮಕ್ಕಳು ಹೂವಿನ ಹಬ್ಬ ಬತುಕಮ್ಮನಿಗೆ ತಂಗಡಿ ಹೂವು ಹೊತ್ತು ತರುವ ಹೊತ್ತು. ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಒಂದು ಚೀಲ ಸೀತಾಫಲ ತಂದೆ. ಆರಿಸುವಾಗ ನೋಡಬೇಕಾದದ್ದು ಒಂದೇ. ಸಿಪ್ಪೆಯ ಗುಬುಟುಗಳ ನಡುವಿನ ಗೆರೆ ಅಗಲವಾಗಿ, ಒಳಗಿನ ಕೆನೆಬಣ್ಣ ಕಾಣಬೇಕು. ಅದಕ್ಕೆ ಕಣ್ಣು ಬಿಟ್ಟ ಕಾಯಿ ಅನ್ನುತ್ತಾರೆ, ಅದು ಹಣ್ಣಾಗುತ್ತದೆ. ಗೆರೆ ಇನ್ನೂ ಬಿಗಿಯಾಗಿದ್ದರೆ ಕಣ್ಣು ಬಿಟ್ಟಿಲ್ಲ ಅಂತ. ಅಂಥದ್ದನ್ನು ಕಿತ್ತರೆ ಅದು ಹಣ್ಣೂ ಆಗದೆ ಕಾಯಿಯೂ ಉಳಿಯದೆ ಕರಕಲಾಗುತ್ತದೆ. ಚೀಲದಲ್ಲಿ ಅಂಥದ್ದೊಂದು ಸೇರಿಕೊಂಡಿತ್ತು. ತೋರಿಸಿದರೆ ಮಾರುವವಳು, "ತೀಸ್ಕೋ ಅಮ್ಮಾ, ಅದೀ ಪಂಡುತುಂದಿ," ಅದೂ ಹಣ್ಣಾಗುತ್ತೆ, ಎಂದು ನಕ್ಕಳು. ಎಲ್ಲವನ್ನೂ ಅಕ್ಕಿಯ ಡಬ್ಬದಲ್ಲಿ ಹೂತಿಟ್ಟೆ.

ಶ್ರಾವಣಿಗೆ ಸೀತಾಫಲವೆಂದರೆ ಜೀವ. ಚಿಕ್ಕವಳಿದ್ದಾಗ ಬೀಜ ಗಂಟಲಿಗೆ ಸಿಕ್ಕೀತೆಂದು ನಾನೇ ಒಂದೊಂದಾಗಿ ಬೀಜ ತೆಗೆದು, ತಿರುಳನ್ನು ಬಟ್ಟಲಿಗೆ ಹಾಕಿ ಕೊಡುತ್ತಿದ್ದೆ. ದೊಡ್ಡವಳಾದ ಮೇಲೂ ಅದೇ ರೂಢಿ. ನಾನು ಬಿಡಿಸುವವಳು, ಅವಳು ತಿನ್ನುವವಳು. ಬೆರಳಿಗಂಟಿದ್ದನ್ನು ಬಿಟ್ಟರೆ ನಾನು ಆ ಹಣ್ಣನ್ನು ತಿಂದದ್ದೇ ಇಲ್ಲ.

ಅವಳು ಹೊರಡುವ ಹಿಂದಿನ ದಿನ ಕಾಲೇಜಿನಿಂದ ಮೆಸೇಜು ಬಂತು. ಮೇಲಿನ ಸೆಕ್ಷನ್ನಿನ ಮಕ್ಕಳಿಗೆ ರಜೆ ಇಲ್ಲ, ವಿಶೇಷ ತರಗತಿಗಳಿವೆ. ಹಣ್ಣುಗಳಿಗೆ ಮೆಸೇಜು ಹೋಗಲಿಲ್ಲ. ಅವು ಹೇಳಿದ ದಿನಕ್ಕೆ ಸರಿಯಾಗಿ ಹಣ್ಣಾದವು. ನಮ್ಮವರಿಗೆ ಸಕ್ಕರೆ ಕಾಯಿಲೆ. ಕೆಲವನ್ನು ಬೀರಕ್ಕನಿಗೆ ಕೊಟ್ಟೆ. ಉಳಿದವು ಮನೆಯೆಲ್ಲ ಘಮಘಮಿಸಿ, ಆಮೇಲೆ ಒಡೆದು, ಅಕ್ಕಿಗೆಲ್ಲ ಅಂಟಾಗಿ ಮೇಕೆಗಳ ಪಾಲಾದವು. ಕಣ್ಣು ಬಿಡದ ಆ ಒಂದು ಮಾತ್ರ ಉಳಿಯಿತು. ಎಸೆಯಲು ತೆಗೆದವಳು ಯಾಕೋ ಕಿಟಕಿಯ ಸರಳುಗಳ ಪಕ್ಕದ ಕಲ್ಲಿನ ಮೇಲಿಟ್ಟೆ.

ಮರುದಿನ ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ತಿರುಗಿದರೆ ಬಿಸಿಲು ಅದರ ಒಂದು ಪಕ್ಕಕ್ಕೆ ಬಿದ್ದಿತ್ತು. ತೊಟ್ಟಿನ ಸುತ್ತ ಕಪ್ಪು ಹರಡುತ್ತಿತ್ತು, ಬಟ್ಟೆಗೆ ಶಾಯಿ ಹತ್ತಿದ ಹಾಗೆ, ಅಂಚಿನಲ್ಲಿ ಕಂದು, ಅದರಾಚೆ ಇನ್ನೂ ಹಸಿರು. ಒಂದೊಂದು ಗುಬುಟಿಗೂ ಒಂದೊಂದು ನೆರಳು. ನನಗೆ ನಮ್ಮ ಡ್ರಾಯಿಂಗ್ ಸಿಸ್ಟರ್ ನೆನಪಾದರು.

ಕಾನ್ವೆಂಟಿನಲ್ಲಿ ಚಿತ್ರ ಬರೆಯಲು ಮೇಣದ ಹಣ್ಣುಗಳಿದ್ದವು. ವರ್ಷವೆಲ್ಲ ಅದೇ ಸೇಬು, ಅದೇ ದ್ರಾಕ್ಷಿ. ಒಮ್ಮೆ ಸಿಸ್ಟರ್ ಮೇಣದ ಬುಟ್ಟಿಯನ್ನು ಬೀರುವಿಗೆ ಸೇರಿಸಿ ನಿಜವಾದ ಪೇರಲಹಣ್ಣೊಂದನ್ನು ಮೇಜಿನ ಮೇಲಿಟ್ಟರು. ತರಗತಿ ಬಂದಾಗಲೆಲ್ಲ ಅದೇ ಹಣ್ಣು. ಹಳದಿಯಾಯಿತು, ಮಚ್ಚೆ ಬಿತ್ತು, ಕುಸಿಯಿತು. ನಾವು ಮೂಗು ಮುಚ್ಚಿಕೊಂಡು ಗೊಣಗಿದೆವು. ಆಗ ಅವರು ಒಂದು ದೊಡ್ಡ ಪುಸ್ತಕ ತೆರೆದು ಹಳೆಯ ಕಾಲದ ಒಂದು ಚಿತ್ರ ತೋರಿಸಿದರು. ಸುಲಿದ ನಿಂಬೆ, ಬಾಡಿದ ದ್ರಾಕ್ಷಿ, ಹುಳ ಕೊರೆದ ಹಣ್ಣು, ಅದರ ಮೇಲೆ ಒಂದು ನೊಣ. "ಇಷ್ಟು ಚೆಂದದ ಚಿತ್ರದಲ್ಲಿ ನೊಣ ಯಾಕೆ ಸಿಸ್ಟರ್?" ಎಂದು ನಮ್ಮಲ್ಲೊಬ್ಬಳು ಕೇಳಿದಳು. "ಬರೆದವನು ಅದನ್ನು ಓಡಿಸದೆ ಕೂತಿದ್ದನಲ್ಲ, ಅದು ಗೊತ್ತಾಗಲಿ ಅಂತ," ಎಂದರು. ಅಂದು ಯಾರಿಗೂ ಅರ್ಥವಾಗಿರಲಿಲ್ಲ. ಪೇರಲದ ಮೇಲೂ ನೊಣ ಬರೆದರೆ ಮಾರ್ಕ್ಸು ಸಿಗುತ್ತದೆಂದು ಎಲ್ಲರೂ ನೊಣ ಬರೆದೆವು.

ಫೋನು ತೆಗೆದು ಒಂದು ಫೋಟೋ ಹಿಡಿದೆ. ಮರುದಿನವೂ ಹಿಡಿದೆ. ಆಮೇಲೆ ಅದೇ ನನ್ನ ಬೆಳಗಿನ ಕೆಲಸವಾಯಿತು. ಹಿಂದೆ ಬೀರಕ್ಕನ ಅಂಗಳ ಕಾಣದಿರಲೆಂದು ಹಳೆಯ ಕಪ್ಪು ಬ್ಲೌಸ್ ಪೀಸೊಂದನ್ನು ಸರಳುಗಳ ಬುಡಕ್ಕಷ್ಟೇ ಸಿಕ್ಕಿಸಿ ಹಣ್ಣಿನ ಕೆಳಗೂ ಹಾಸಿದೆ. ಇರುವೆ ಬರತೊಡಗಿದವು. ಅಡುಗೆಮನೆಯಲ್ಲಿ ಇರುವೆಗೆ ಮಾಡುವ ಉಪಾಯವನ್ನೇ ಮಾಡಿ ಸುತ್ತಲೂ ಅರಿಶಿಣದ ಗೆರೆ ಎಳೆದೆ. ಒಣಗುತ್ತ ಒಣಗುತ್ತ ಹಣ್ಣು ಹಗುರವಾಗಿ ಗಾಳಿಗೆ ಉರುಳುತ್ತಿತ್ತು, ನಿನ್ನೆ ಕಂಡ ಮುಖ ಇಂದು ಕಾಣದಾಗುತ್ತಿತ್ತು. ಕೆಳಗೊಂದು ರಟ್ಟಿಟ್ಟು, ನಾಲ್ಕು ಕಡೆ ಗುಂಡುಸೂಜಿ ಚುಚ್ಚಿ ನಿಲ್ಲಿಸಿದೆ.

ಹತ್ತಿರದಿಂದ ನೋಡುವವರಿಗೆ ಅದು ದಿನಕ್ಕೊಂದು ಊರಾಗಿತ್ತು. ಗೆರೆಗಳ ಸಂದಿಯಲ್ಲಿ ಬಿಳಿ ಹಿಟ್ಟಿನಂಥ ಹುಳುಗಳು, ಜೋಳದ ಹಿಟ್ಟು ಜರಡಿಯಿಂದ ಬಿದ್ದ ಹಾಗೆ. ಒಂದು ದಿನ ಪಕ್ಕೆಯಲ್ಲಿ ಸಣ್ಣ ಬಿರುಕು, ಅದರಿಂದ ಒಂದೇ ಒಂದು ಹನಿ, ಜೇನಿನ ಬಣ್ಣದ್ದು. ಆ ಹನಿಯಲ್ಲಿ ಕಿಟಕಿಯ ಸರಳುಗಳು ಕಾಣುತ್ತಿದ್ದವು. ಆಮೇಲೆ ಬೂದಿ ಬಣ್ಣದ ಬೂಷ್ಟು ಬಂತು, ಎಷ್ಟು ಮೃದುವೆಂದರೆ ಉಸಿರು ತಾಗಿದರೆ ಮಲಗುತ್ತಿತ್ತು. ಉಸಿರು ಹಿಡಿದು ಫೋಟೋ ತೆಗೆಯುತ್ತಿದ್ದೆ. ನಮ್ಮವರು ಒಮ್ಮೆ ನೋಡಿ, "ಇದೇನಿದು, ಒಗಿಬಾರದೇನ?" ಅಂದರು. "ಒಗೀತೀನ್ರಿ," ಅಂದೆ. ಅವರು ಮಲಗಲು ಹೋದರು.

ಆ ವಾರ ಶ್ರಾವಣಿಯ ಫೋನು ಬಂದಾಗ ಉಂಡ್ಯಾ, ಓದಿದ್ಯಾ ಎಲ್ಲ ಮುಗಿದು ಇಬ್ಬರೂ ಸುಮ್ಮನಾದೆವು. ಹಿಂದೆ ಹುಡುಗಿಯರ ಗದ್ದಲ ಕೇಳುತ್ತಿತ್ತು. ಅವಳು ಇಟ್ಟುಬಿಡುತ್ತಾಳೆಂಬ ಹೆದರಿಕೆಗೆ ಬಾಯಿಗೆ ಬಂದದ್ದನ್ನು ಅಂದೆ.

"ನಿನಗಂತ ತಂದ ಸೀತಾಫಲದಾಗ ಒಂದು ಕಣ್ಣ ಬಿಟ್ಟಿದ್ದಿಲ್ಲ. ಕಿಟಕಿದಾಗ ಇಟ್ಟೀನಿ. ಕರ್ರಗ ಆಗಾಕತ್ತೈತಿ. ದಿನಾ ಫೋಟೋ ತೆಗೀತೀನಿ."

"ಕೊಳೆತದ್ದರದಾ?"

"ಹೂಂ."

"ಯಾಕ?"

"ಸುಮ್ನ. ಇವತ್ತ ಅದರಿಂದ ಒಂದು ಹನಿ ಬಂದಿತ್ತು. ಅದರಾಗ ನಮ್ಮ ಕಿಟಕಿ ಕಾಣ್ತಿತ್ತು."

"ಖರೇನಾ?" ಅಂದಳು. ಆ ದನಿಯಲ್ಲಿ ಚಪ್ಪಲಿ ಬಿಡದ ಆ ಹುಡುಗಿ ಇದ್ದಳು.

ಮುಂದಿನ ಭಾನುವಾರ ಅವಳೇ ಮೊದಲು ಕೇಳಿದಳು. "ಹಣ್ಣು ಹೆಂಗೈತಿ ಮಮ್ಮಿ?" ಬೂಷ್ಟಿನ ಬಗ್ಗೆ ಹೇಳಿದೆ. ಇರುವೆಗಳು ಅರಿಶಿಣದ ಗೆರೆಯಾಚೆ ನಿಂತು ಮೀಟಿಂಗ್ ಮಾಡುತ್ತಿವೆ ಎಂದೆ. ಅವಳಿಗೆ ತೋರಿಸಲಾಗದ ಫೋಟೋವನ್ನು ಮಾತಿನಲ್ಲೇ ಹಿಡಿದುಕೊಡಬೇಕಾಗಿತ್ತು. ವಾರವೆಲ್ಲ ಅದಕ್ಕೆಂದೇ ಮಾತು ಹುಡುಕುತ್ತಿದ್ದೆ. ಉಳಿದ ಪ್ರಶ್ನೆಗಳಿಗೆ ಮಾತ್ರ ಅವಳ ಉತ್ತರ ಇನ್ನೂ ಗಿಡ್ಡವಾಗುತ್ತ ಹೋಯಿತು. ಊಟ? "ಹೋಗೂದಿಲ್ಲ." ನಿದ್ದೆ? "ಬರ್ತೈತಿ, ಎಚ್ಚರ ಆಗ್ತೈತಿ." ಮಾರ್ಕ್ಸು ಕಮ್ಮಿ ಬಂತೆಂದು ಸೆಕ್ಷನ್ ಕೆಳಗಿಳಿಸಿದ್ದಾರೆಂದು ಬಹಳ ತಡೆದು ಹೇಳಿದಳು. ಆಮೇಲೆ, ಫೋನು ಸಿಂಧುವಿನ ಕೈಗೆ ಹೋಗುವ ಮುನ್ನ, ನಗುತ್ತಲೇ ಅಂದ ಹಾಗೆ ಅಂದಳು.

"ಅದನ್ನರ ದಿನಾ ಒಬ್ಬರು ನೋಡ್ತಾರಲ್ಲ ಮಮ್ಮಿ. ಚಲೋ ಐತಿ ಅದರದು."

ಆ ಮಾತು ನನ್ನನ್ನು ಬಿಡಲಿಲ್ಲ. ಒಗ್ಗರಣೆ ಸೀದು ಹೋಗುವಾಗಲೂ ಅದೇ, ಬಟ್ಟೆ ಮಡಿಸುವಾಗಲೂ ಅದೇ. ನಮ್ಮವರಿಗೆ ಹೇಳಿದೆ. "ಹೊಂದ್ಕೋತಾಳ ಬಿಡು. ಎಲ್ಲಾ ಮಕ್ಳೂ ಮೊದಲ ವರ್ಷ ಹಿಂಗ. ನಾವು ಹೋಗಿ ನಿಂತರ ಮತ್ತ ಮನಿ ನೆನಪಾಕೈತಿ ಅಕಿಗೆ," ಅಂದರು. ಅವರು ಕೆಟ್ಟವರಲ್ಲ. ಅವರ ದನಿಯಲ್ಲೂ ನಂಬಿಕೆಗಿಂತ ದಣಿವೇ ಹೆಚ್ಚಿತ್ತು. ನಾನು ಮತ್ತೆ ಕಿಟಕಿಯ ಮುಂದೆ ಕೂತೆ. ಹಣ್ಣು ಈಗ ಪೂರಾ ಕಪ್ಪಾಗಿ, ಮುಷ್ಟಿಯಷ್ಟಾಗಿ, ಗಟ್ಟಿಯಾಗಿತ್ತು. ಮುಂದಿನ ಭಾನುವಾರ ಅವಳು ಹೇಗಿದೆ ಎಂದು ಕೇಳಿದರೆ ಏನು ಹೇಳಲಿ?

ದೀಪಾವಳಿ ಅಮಾವಾಸ್ಯೆ ಹತ್ತಿರ ಬಂದಿತ್ತು. ಅದರ ಮೂರ್ನಾಲ್ಕು ದಿನ ಮುಂಚೆ ಬೆಳಿಗ್ಗೆ ಎದ್ದು ನೋಡಿದರೆ ಕಿಟಕಿಯಲ್ಲಿ ಹಣ್ಣಿಲ್ಲ. ರಟ್ಟಿಲ್ಲ, ಕಪ್ಪು ಬಟ್ಟೆಯೂ ಇಲ್ಲ. ನನ್ನ ಅರಿಶಿಣದ ಗೆರೆಯನ್ನು ಯಾರೋ ಒರೆಸಿ, ಅದರ ಜಾಗದಲ್ಲಿ ಕಲ್ಲು ಕಾಣದಂತೆ ಭಂಡಾರ ಎರಚಿದ್ದರು. ಬೀರಪ್ಪನ ಗುಡಿಯಿಂದ ತರುವ ಅರಿಶಿಣಪುಡಿ ಅದು. ಮೇಲೊಂದು ಬೇವಿನ ಎಸಳು. ಏನು ಮಾಡಬೇಕೆಂದು ತೋಚದೆ, ಫೋನು ಹೇಗೂ ಕೈಯಲ್ಲಿತ್ತು, ಆ ಖಾಲಿ ಕಲ್ಲಿನದೊಂದು ಫೋಟೋ ತೆಗೆದು ಹಿಂದಿನ ಬಾಗಿಲಿನಿಂದ ಓಡಿದೆ.

ಬೀರಕ್ಕ ಆಗಷ್ಟೇ ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲು ಬಿಟ್ಟು ಕೂತಿದ್ದರು.

"ಬೀರಕ್ಕಾ, ನಮ್ಮ ಕಿಟಕಿದಾಗಿನ ಹಣ್ಣು..."

"ಅದರ ಹೆಸರ ಎತ್ತಬ್ಯಾಡ!" ಎಂದು ಕೈ ಅಡ್ಡ ಮಾಡಿದರು. "ಹೊಳಿಗೆ ಹಾಕಿ ಬಂದೀನಿ. ಮೊದಲನೇ ಆಟೋಕ್ಕ ಹೋಗಿ, ನೀರಿಗೆ ಬಿಟ್ಟು, ಹಿಂದಕ್ಕ ತಿರುಗಿ ನೋಡಲಾರ್ದ ಬಂದೀನಿ. ನೀ ಇನ್ನ ಫಿಕರ್ ಮಾಡಬ್ಯಾಡ."

"ಯಾಕ್ರೀ ಬೀರಕ್ಕಾ?"

"ಯಾಕಂತೀಯಾ? ಕರಿ ಅರಿವಿ ಹಾಸ್ಯಾರ. ಸುತ್ತ ಅರಿಶಿಣದ ಗೆರಿ ಕೊರದಾರ. ನಡುವ ಕರ್ರಾನ ಫಲ, ಅದಕ ಸೂಜಿ ಚುಚ್ಚ್ಯಾರ. ಬರೂದು ಅಮಾಸಿ. ಇನ್ನೇನ್ ಉಳೀತು? ಬಾನಾಮತಿ ಮಾಡ್ಯಾರ ತಂಗಿ ನಿನಗ, ಬಾನಾಮತಿ!"

ನಮ್ಮ ಕಡೆ ಆ ಮಾಟದ ಹೆಸರನ್ನು ಜನ ದನಿ ತಗ್ಗಿಸಿಯೇ ಹೇಳುತ್ತಾರೆ. ಬೀರಕ್ಕ ಸಿಟ್ಟಿನಲ್ಲಿ ಓಣಿಗೇ ಕೇಳುವಂತೆ ಹೇಳಿದರು.

"ಅಯ್ಯೋ, ನಾನ ಇಟ್ಟಿದ್ದು ಬೀರಕ್ಕಾ. ಫೋಟೋ ತೆಗಿಯಾಕ. ಅರಿಶಿಣ ಇರವಿಗೆ, ಸೂಜಿ ಉರುಳಬಾರ್ದಂತ..."

"ಫೋಟೋ? ಮಂದಿ ಹೊಸಾ ಸೀರಿ ಉಟ್ಟು ಫೋಟೋ ತಗಸ್ತಾರ. ಕೊಳೆತದ್ದರದ ಯಾರ ತಗಸ್ತಾರ? ನನಗ ಸುಳ್ಳ ಹೇಳಬ್ಯಾಡ. ದಿನಾ ನೋಡ್ತೀನಿ ನಾ. ಮುಂಜಾನಿ ಎದ್ದಾಕಿನ ಬಂದು ಅದರ ಮುಂದ ಕೂಡ್ತಿ, ಉಸರ ಬಿಡಂಗಿಲ್ಲ. ಮೊದಲ ನೀ ರೊಟ್ಟಿ ಬಡಿಯೂದು ಕೇಳ್ತಿತ್ತು ನನಗ, ಹಾಡ ಹಾಡಿದಂಗ. ಈಗ ಎರಡ ಬಡದು ಸುಮ್ನ ಆಗ್ತಿ. ಗಂಡನ ಪಾಲಿನವು ಅವು. ನೀ ಏನ್ ತಿಂತಿ? ಸೊರಗಿ ಕಡ್ಡಿ ಆಗೀದಿ. ನಿನ್ನ ಹಿಡ್ಕೊಂಡಿತ್ತು ಅದು."

ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ದಿನ ಕಾದು ಕೂತದ್ದು ಹೊಳೆಯ ಪಾಲಾಯಿತಲ್ಲ ಎಂದು. ಆಮೇಲೆ ರೊಟ್ಟಿಯ ಸಪ್ಪಳದ ಮಾತು ಒಳಗಿಳಿಯಿತು. ಇಷ್ಟೂ ದಿನ ಗೋಡೆಯಾಚೆಯಿಂದ ಒಬ್ಬರು ನನ್ನ ರೊಟ್ಟಿಯ ಸಪ್ಪಳ ಕೇಳುತ್ತ ಕೂತಿದ್ದರು. ಅವರ ಕಟ್ಟೆಯ ಮೇಲೆಯೇ ಕೂತು ಅತ್ತೆ. ಶ್ರಾವಣಿಯ ವಿಷಯವನ್ನೆಲ್ಲ ಹೇಳಿದೆ. ಬೀರಕ್ಕ ಉಣ್ಣೆಯ ಬುಟ್ಟಿ ಸರಿಸಿ ಹತ್ತಿರ ಕೂತರು. ನನ್ನ ಫೋನು ಇಸಿದುಕೊಂಡು ಫೋಟೋಗಳನ್ನು ಒಂದೊಂದಾಗಿ ನೋಡಿದರು. ಒಂದರ ಮುಂದೆ ನಿಂತು, "ಇದು ನೋಡ, ಬರಾಬರ್ ನಮ್ಮತ್ತಿ ಮಾರಿ ಆಗೇತಿ," ಎಂದು ನಕ್ಕರು. ಫೋನು ವಾಪಸು ಕೊಡುವಾಗ ಮತ್ತೆ ದನಿ ತಗ್ಗಿಸಿ, "ಆದ್ರೂ ಯಾರ್ ಮಾಡಿಸ್ಯಾರ ಅಂತ ಹೇಳು," ಎಂದರು.

ಭಾನುವಾರ ಬಂತು. ನಮ್ಮವರು ಡ್ಯೂಟಿಯಲ್ಲಿದ್ದರು.

"ಹಣ್ಣು ಹೆಂಗೈತಿ ಮಮ್ಮಿ?"

ಹಾಗೇ ಇದೆ ಎನ್ನಬಹುದಿತ್ತು. ಇನ್ನೊಂದಿಷ್ಟು ವಾರ ಕಲ್ಪಿಸಿಕೊಂಡೇ ಹೇಳಬಹುದಿತ್ತು. ಅವಳೊಡನೆ ಉಳಿದಿದ್ದ ಮಾತು ಅದೊಂದೇ. ಆದರೆ ಅಷ್ಟು ದಿನ ಕಂಡದ್ದನ್ನೇ ಹೇಳಿದ್ದೆ, ಈಗ ಕಾಣದ್ದನ್ನು ಹೇಳಲು ನಾಲಿಗೆ ಏಳಲಿಲ್ಲ.

"ಹಣ್ಣಿಲ್ಲ. ಬೀರಕ್ಕ ಒಯ್ದು ಹೊಳಿಗೆ ಹಾಕಿದ್ರು," ಎಂದು ನಡೆದದ್ದನ್ನೆಲ್ಲ ಹೇಳಿದೆ. ಕರಿ ಅರಿವಿ, ಅರಿಶಿಣ, ಸೂಜಿ, ಅಮಾಸಿ, ಅತ್ತೆಯ ಮಾರಿ. ಆ ಕಡೆ ಅವಳು ನಗತೊಡಗಿದಳು. "ಬಾನಾಮತಿ? ನಮ್ಮ ಮಮ್ಮಿಗಾ? ಸಿಂಧು, ಕೇಳಿಲ್ಲಿ..." ಎಷ್ಟೋ ತಿಂಗಳ ಮೇಲೆ ಕೇಳಿದ ನಗು. ಬಿದ್ದು ಬಿದ್ದು ನಕ್ಕಳು. ನಗುತ್ತ ನಗುತ್ತ ಅದು ಎಲ್ಲೋ ಸಿಕ್ಕಿಕೊಂಡಿತು. ನಾನೂ ನಗುತ್ತಿದ್ದೆನಾದ್ದರಿಂದ ಅವಳು ಅಳುತ್ತಿದ್ದಾಳೆಂದು ತಿಳಿಯಲು ಒಂದು ಗಳಿಗೆ ತಡವಾಯಿತು.

"ಮಮ್ಮಿ," ಎಂದಳು. "ಬೀರಕ್ಕಗ ಹೇಳು. ನನ್ನೂ ಬಂದು ಒಯ್ಯಂತ."

ಫೋನು ಯಾರ ಕೈಗೋ ಹೋಯಿತು. "ಟೈಮ್ ಅಯಿಪೋಯಿಂದಿ," ಸಮಯ ಮುಗಿಯಿತು, ಎಂಬ ದನಿ ಕೇಳಿ ಕಟ್ಟಾಯಿತು.

ನಮ್ಮವರಿಗೆ ಫೋನು ಮಾಡಿ ಅವಳು ಅಂದದ್ದನ್ನು ಅಂದ ಹಾಗೆಯೇ ಹೇಳಿದೆ. ಹಿಂದೆ ಪಂಪುಗಳ ಮೊರೆತ ಮಾತ್ರ ಕೇಳುತ್ತಿತ್ತು. "ಹಂಗಂದ್ಲಾ?" ಅಂದರು. ಮತ್ತೆ ಮೊರೆತ. ಆಮೇಲೆ, "ಥಂಡಿ ಬಿದ್ದೈತಿ. ಬರುವಾಗ ಬಸ್ಸಿನ್ಯಾಗ ಅಕಿಗೆ ಹೊದಿಸಾಕ ಏನರ ಒಯ್ಯಿ," ಅಂದರು.

ನನ್ನಿಂದ ಸುದ್ದಿ ಕೇಳಿದ ಬೀರಕ್ಕ ಮೇಕೆಗಳನ್ನು ಪಕ್ಕದ ಮನೆಗೆ ಒಪ್ಪಿಸಿ, ತಾವೇ ನೂತ ಉಣ್ಣೆಯ ಕಂಬಳಿಯೊಂದನ್ನು ಕಂಕುಳಲ್ಲಿ ಹಿಡಿದು ಬಂದು ನಿಂತರು. "ಹುಡುಗಿ ಕರದದ್ದು ನನ್ನ. ನಾ ಬರಲಾರ್ದ ಹೆಂಗ?"

ಹಾಸ್ಟೆಲಿನ ಗೇಟಿನಲ್ಲಿ ರಕ್ತಸಂಬಂಧಿಗಳನ್ನು ಬಿಟ್ಟು ಯಾರನ್ನೂ ಒಳಗೆ ಬಿಡುವುದಿಲ್ಲ. ವಾಚ್‌ಮನ್ ಬೀರಕ್ಕನನ್ನು ಮೇಲಿಂದ ಕೆಳಗೆ ನೋಡಿ ಈಕೆ ಯಾರು ಎಂದ. "ಅಮ್ಮಮ್ಮನಯ್ಯಾ!" ಎಂದರು ಬೀರಕ್ಕ, ಹುಡುಗಿಯ ತಾಯಿಯ ತಾಯಿ ನಾನು ಎಂದು, ಅವನಿಗಿಂತ ಗಟ್ಟಿಯಾದ ತೆಲುಗಿನಲ್ಲಿ. ಅವನು ಗೇಟು ತೆಗೆದ. ಆಫೀಸಿನಲ್ಲಿ ಮೇಡಂ ಒಬ್ಬರು ಇಂಗ್ಲಿಷಿನಲ್ಲಿ, ಇದೆಲ್ಲ ಸಹಜ, ಒಂದು ವಾರದಲ್ಲಿ ಸರಿಹೋಗುತ್ತದೆ, ಈಗ ಕರೆದೊಯ್ದರೆ ವರ್ಷ ಹಾಳು ಎಂದು ವಿವರಿಸಿದರು. ನಾನೂ ಇಂಗ್ಲಿಷಿನಲ್ಲಿಯೇ, ಮೆಲ್ಲಗೆ, ಇವತ್ತೇ ಕರೆದುಕೊಂಡು ಹೋಗುತ್ತೇವೆ ಎಂದೆ. ಅವರು ಮತ್ತೆ ಹೇಳಿದರು. ನಾನೂ ಅದನ್ನೇ ಮತ್ತೆ ಹೇಳಿದೆ. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷು ಜೀವನದಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ ಸಲ.

ಶ್ರಾವಣಿ ಮೆಟ್ಟಿಲಿಳಿದು ಬಂದಳು. ಅದೇ ಬಕೆಟ್ಟು. ಕೈಬಳೆ ಮೊಣಕೈಯವರೆಗೆ ಜಾರುತ್ತಿತ್ತು. ನನ್ನನ್ನು ನೋಡಿದಳು, ಆಮೇಲೆ ಕಂಬಳಿ ಹಿಡಿದು ನಿಂತಿದ್ದವರನ್ನು.

"ನೀವ ಏನ್ರೀ ಬೀರಕ್ಕ?"

"ಹೂಂ, ನಾನ. ನಡಿ. ಹಿಂದಕ್ಕ ತಿರುಗಿ ನೋಡಬ್ಯಾಡ."

ಅವಳು ನೋಡಲಿಲ್ಲ.

ತಕ್ಷಣ ಎಲ್ಲ ಸರಿಹೋಯಿತೆಂದಲ್ಲ. ದೀಪಾವಳಿಯನ್ನು ಅವಳು ಮಲಗಿಯೇ ಕಳೆದಳು. ಪುಸ್ತಕ ತೆರೆಯಲು ಚಳಿಗಾಲ ದಾಟಬೇಕಾಯಿತು. ಮಕ್ತಲ್‌ನಲ್ಲೇ ಕಾಲೇಜಿಗೆ ಸೇರಿ, ಒಂದು ವರ್ಷ ತಡವಾಗಿ ಮುಗಿಸಿದಳು. ಈಗ ರಾಯಚೂರಿನಲ್ಲಿ ಡಿಗ್ರಿ ಓದುತ್ತಾಳೆ. ಫೋನು ಅವಳದೇ, ಮನಸ್ಸು ಬಂದಾಗ ಮಾಡುತ್ತಾಳೆ. ನಮ್ಮವರಿಗೆ ಗದ್ವಾಲದ ಕಡೆಗೇ ವರ್ಗವಾಗಿ ನಾವು ನಮ್ಮ ಮನೆಯ ಬೀಗ ತೆಗೆದು ಎಷ್ಟೋ ಕಾಲವಾಯಿತು. ಶಿಫ್ಟು ಮಾತ್ರ ಹಾಗೇ ಇದೆ. ಇಬ್ಬರಿಗಷ್ಟೇ ಎಂದು ನಾನು ಈಗಲೂ ಸಣ್ಣ ಪಾತ್ರೆಯಲ್ಲೇ ಅನ್ನಕ್ಕಿಡುತ್ತೇನೆ.

ಆ ಫೋಟೋಗಳು ಈಗಲೂ ನನ್ನ ಫೋನಿನಲ್ಲಿವೆ. ಬೆರಳಿನಿಂದ ಸರಿಸುತ್ತ ಹೋದರೆ ಹಸಿರು, ಕಂದು, ಹನಿ, ಬೂಷ್ಟು, ಕಪ್ಪು. ಆಮೇಲೆ ಭಂಡಾರ ಎರಚಿದ ಖಾಲಿ ಕಲ್ಲು. ಅದರ ಮುಂದಿನದು ಬಸ್ಸಿನಲ್ಲಿ ತೆಗೆದದ್ದು. ಕಂಬಳಿ ಹೊದ್ದು, ಬೀರಕ್ಕನ ಭುಜಕ್ಕೆ ಒರಗಿ, ಬಾಯಿ ತೆರೆದು ಮಲಗಿದ ಹುಡುಗಿ. ಅವಳ ಕೆನ್ನೆಯ ಮೇಲೊಂದು ನೊಣ ಕೂತಿದೆ. ಬೀರಕ್ಕ ಅದನ್ನು ಓಡಿಸಲು ಕೈ ಎತ್ತಿದ್ದಾರೆ, ಕೈ ಮಸುಕಾಗಿದೆ.

ಗದ್ವಾಲದ ಬಸ್ಸಿಗೆ ಇನ್ನೂ ಹೊತ್ತಿತ್ತು. ಬುಟ್ಟಿಯಿಂದ ಚೆನ್ನಾಗಿ ಹಣ್ಣಾದ ಒಂದನ್ನು ಆರಿಸಿಕೊಂಡು ನಮ್ಮ ಹಳೆಯ ಓಣಿಗೆ ನಡೆದೆ. ಬೀರಕ್ಕನ ಮನೆಗೆ ಬೀಗ. ಅಂಗಳದಲ್ಲಿ ಮೇಕೆಗಳಿಲ್ಲ, ಬೇವಿನ ಕೆಳಗೆ ಕದಿರಿಲ್ಲ. ಮಕ್ಕಳ ಜೊತೆ ಕುರಿ ಹೊಡೆದುಕೊಂಡು ಹೊಳೆಯಾಚೆ ಧರೂರಿನ ಗದ್ದೆಗಳ ಕಡೆ ಹೋಗಿದ್ದಾರೆ, ಯಾವಾಗ ಬರುತ್ತಾರೋ ಗೊತ್ತಿಲ್ಲ ಎಂದರು ಪಕ್ಕದವರು. ಬೀರಕ್ಕ ಫೋನು ಇಟ್ಟುಕೊಳ್ಳುವವರಲ್ಲ. ಬಂದದ್ದು ತಿಳಿಯಲೆಂದು ಹಣ್ಣನ್ನು ಅವರ ಕಟ್ಟೆಯ ಮೇಲಿಟ್ಟೆ. ನಾಲ್ಕು ಹೆಜ್ಜೆ ಬಂದವಳು ಅವರು ವಾಪಸು ಬರುವ ಹೊತ್ತಿಗೆ ಅದು ಹೇಗಾಗಿರುತ್ತದೆಂದು ನೆನೆದು, ಓಡಿಹೋಗಿ ಎತ್ತಿಕೊಂಡೆ. ಬೀಗದ ಮುಂದೆ ಒಬ್ಬಳೇ ನಿಂತು ನಕ್ಕೆ.

ನಮ್ಮ ಹಳೆಯ ಕಿಟಕಿಗೆ ಈಗ ಗಾಜು ಹಾಕಿಸಿದ್ದಾರೆ. ಒಳಗೆ ಏನಿದೆಯೋ ಕಾಣಲಿಲ್ಲ.

ಜೂರಾಲ ಅಣೆಕಟ್ಟಿನ ಮೇಲೆ ಬಸ್ಸು ನಿಧಾನವಾಗಿ ಹೋಗುತ್ತಿದ್ದಾಗ ಶ್ರಾವಣಿಯ ಫೋನು ಬಂತು.

"ಎಲ್ಲಿದ್ದಿ ಮಮ್ಮಿ?"

"ಬಸ್ಸಿನ್ಯಾಗ. ಮಕ್ತಲ್‌ಕ ಇಳಿದಿದ್ದೆ. ಬೀರಕ್ಕ ಇದ್ದಿದ್ದಿಲ್ಲ. ಸೀತಾಫಲ ಬಂದಾವ."

"ತಗೊಂಡೀಯಾ?"

"ಒಂದ."

ಅವಳ ಹಿಂದೆ ಈಗ ಯಾರ ಸಾಲೂ ಇರಲಿಲ್ಲ.

"ಮಮ್ಮಿ, ತಿಂದಬಿಡು ಅದನ್ನ. ಕಿಟಕಿದಾಗ ಇಟ್ಕೊಂಡು ಕೂಡಬ್ಯಾಡ."

"ತಿಂತೀನಿ."

"ಈಗ. ನಾ ಇಡಂಗಿಲ್ಲ ಫೋನು."

ಮಡಿಲಲ್ಲಿದ್ದ ಹಣ್ಣನ್ನು ಎರಡು ಹೋಳು ಮಾಡಿದೆ. ಬೆರಳು ತಾನಾಗಿ ಬೀಜ ತೆಗೆಯತೊಡಗಿತು, ಹಾಕಲು ಬಟ್ಟಲಿರಲಿಲ್ಲ. ತಿಂದೆ. ಬಹಳ ಸಿಹಿಯಿತ್ತು. ಕಿವಿಯಲ್ಲಿ ಅವಳ ಉಸಿರಾಟ ಕೇಳುತ್ತಿತ್ತು. ಆಮೇಲೆ "ಚಲೋ ಐತಾ?" ಅಂದಳು, ಚಲೋ ಐತಿ ಅಂದೆ, ಕ್ಲಾಸು ಐತಿ ಅಂತ ಇಟ್ಟಳು. ಕೈಯಲ್ಲಿ ಬೀಜಗಳು ಉಳಿದವು, ಕರಿ ಕರಿ, ತೊಳೆದಿಟ್ಟ ಹಾಗೆ ನುಣ್ಣಗೆ. ಕಿಟಕಿಯಾಚೆ ಎಸೆಯಲು ಮನಸ್ಸಾಗದೆ ಗದ್ವಾಲ ಬರುವವರೆಗೂ ಮುಷ್ಟಿಯಲ್ಲೇ ಹಿಡಿದುಕೊಂಡು ಕೂತಿದ್ದೆ.